ಮನೆಯ ಕಂಪ್ಯೂಟರೂ ಒಂದು ಗಲ್ಲಾಪೆಟ್ಟಿಗೆಯೇ

ಹೊಟೇಲು ನಡೆಸುವವನಿಗೆ ಗಲ್ಲಾ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟೇ ನಂಬಿಗಸ್ತನಾದರೂ ಹೊಸಬನನ್ನು ಬಂದ ದಿನವೇ ಗಲ್ಲಾದಲ್ಲಿ ಕೂರಿಸುವ ಮಾಲಕ ನಮ್ಮಲ್ಲಿ ಒಬ್ಬನೂ ಸಿಗಲಾರ. ಉಗ್ರಾಣದ ಬೀಗದ ಕೈ ಒಬ್ಬರ ಸೊಂಟದಲ್ಲೇ ಇರುತ್ತದೆ. ಹಾಲಿನವನು, ತರಕಾರಿಯವನು ಹತ್ತು ವರ್ಷದಿಂದ ಬರುತ್ತಿದ್ದರೂ ಹಿಂಬಾಗಿಲಿನಲ್ಲೇ ನಿಂತು ಲೆಕ್ಕ ಕೊಟ್ಟು ಹೋಗುತ್ತಾನೆ, ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಇಷ್ಟು ಕಟ್ಟುನಿಟ್ಟು ಪಾಲಿಸುವ ನಾವು ಮನೆಯ ಮೂಲೆಯಲ್ಲಿರುವ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಯಾಕೆ ಇಷ್ಟು ಉದಾರಿಗಳು? ಅಲ್ಲಿ ಯಾರು ಬಂದರು, ಯಾರು ಹೋದರು, ಏನು ಬಿಟ್ಟು ಹೋದರು ಎಂದು ಕೇಳುವವರೇ ಇಲ್ಲ.

ಈ ಕಂಪ್ಯೂಟರನ್ನು ಮಕ್ಕಳ ಓದಿಗೆಂದು ತಂದದ್ದು ನಿಜ. ಆದರೆ ಇಂದು ಅದರೊಳಗೆ ಏನೇನಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. ಟ್ಯಾಲಿಯಲ್ಲಿ ಹೊಟೇಲಿನ ವರ್ಷಗಟ್ಟಲೆಯ ಜಮಾಖರ್ಚು ಇದೆ. ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಲಾಗಿನ್ ಇದೆ. ಕೆಲಸಗಾರರ ಆಧಾರ್ ಪ್ರತಿಗಳು, ಸಂಬಳದ ಪಟ್ಟಿ, ಜಾಗದ ಕರಾರುಪತ್ರ, ಆಹಾರ ಇಲಾಖೆಯ ಲೈಸೆನ್ಸು, ಇವುಗಳ ಜೊತೆಗೆ ಬ್ಯಾಂಕಿನ ಪಾಸ್‌ವರ್ಡೂ ಬ್ರೌಸರಿನಲ್ಲಿ ಉಳಿದಿರುತ್ತದೆ. ಅದೇ ಯಂತ್ರದಲ್ಲಿ ಸಂಜೆ ಮಕ್ಕಳು ಆಟ ಇಳಿಸಿಕೊಳ್ಳುತ್ತಾರೆ, ಬಂದ ನೆಂಟರು ಸಿನೆಮಾ ಹುಡುಕುತ್ತಾರೆ. ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟೆ: ಮನೆಯ ಕಂಪ್ಯೂಟರು ಈಗ ಹೊಟೇಲಿನ ಎರಡನೆಯ ಗಲ್ಲಾ. ಅದಕ್ಕೂ ಗಲ್ಲಾದ ಶಿಸ್ತೇ ಬೇಕು, ಮತ್ತು ಆ ಶಿಸ್ತಿನ ಹೊಣೆ ಮಾಲಕನದು. ಮಗನದೂ ಅಲ್ಲ, ಲೆಕ್ಕ ಬರೆಯುವವನದೂ ಅಲ್ಲ.

ನಮ್ಮ ಯೆರವಡಾದಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ಕಲ್ಯಾಣಿನಗರ, ವಿಮಾನನಗರದ ಕಡೆಗೆ ಐಟಿ ಕಚೇರಿಗಳು ಎದ್ದ ಮೇಲೆ ಇಲ್ಲಿನ ಹೊಟೇಲಿಗೆ ಗಿರಾಕಿಯಷ್ಟೇ ಅಲ್ಲ, ಇ-ಮೇಲ್ ಕೂಡ ಬಂತು. ಕಂಪನಿಯ ಊಟದ ಆರ್ಡರು, ಕೊಟೇಶನ್, ಬಿಲ್ಲು ಎಲ್ಲವೂ ಇ-ಮೇಲಿನಲ್ಲೇ ಆಗಬೇಕೆಂದು ಅವರು ಕೇಳುತ್ತಾರೆ. ನೂರು ಜನರ ಊಟದ ಆರ್ಡರೆಂದು ಬಂದ ಪತ್ರವನ್ನು ತೆರೆಯದೆ ಬಿಡುವ ವ್ಯಾಪಾರಿ ಯಾರಿದ್ದಾರೆ? ಕಳ್ಳನಿಗೂ ಇದು ಗೊತ್ತು. 1871ರಲ್ಲಿ ಕಟ್ಟಿದ ನಮ್ಮೂರ ಜೈಲಿನ ಬಾಗಿಲಲ್ಲಿ ಒಳಗೆ ಹೋಗುವ ಕಾಗದವನ್ನೂ ಬುತ್ತಿಯನ್ನೂ ತಪಾಸಣೆ ಮಾಡದೆ ಬಿಡುವುದಿಲ್ಲ. ಅದೇ ಊರಿನ ನಮ್ಮ ಮನೆಗಳ ಅಂಚೆಪೆಟ್ಟಿಗೆಗೆ ಕಾವಲೇ ಇಲ್ಲವೆಂದರೆ ಹೇಗೆ?

ಬೇಡದ ಇ-ಮೇಲಿಗೆ 'ಸ್ಪ್ಯಾಮ್' ಎಂಬ ಹೆಸರು ಬಂದದ್ದು ನಮ್ಮದೇ ಧಂದೆಯಿಂದ ಎಂಬುದು ಬಹಳ ಮಂದಿಗೆ ತಿಳಿದಿರಲಿಕ್ಕಿಲ್ಲ. ಸ್ಪ್ಯಾಮ್ ಎಂದರೆ ಅಮೆರಿಕದ ಹಾರ್ಮೆಲ್ ಕಂಪನಿ 1937ರಲ್ಲಿ ಮಾರುಕಟ್ಟೆಗೆ ತಂದ ಡಬ್ಬಿ ಮಾಂಸ. 1970ರಲ್ಲಿ ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡ ಟಿವಿಯಲ್ಲಿ ಒಂದು ಪ್ರಹಸನ ಆಡಿತು. ಅದು ನಡೆಯುವುದು ಒಂದು ಸಣ್ಣ ಉಪಾಹಾರ ಗೃಹದಲ್ಲಿ. ಅಲ್ಲಿಯ ಮೆನುವಿನಲ್ಲಿ ಬಹುತೇಕ ಪ್ರತಿ ತಿಂಡಿಯಲ್ಲೂ ಸ್ಪ್ಯಾಮ್. ಬೇಡವೆಂದು ಗಿರಾಕಿ ಎಷ್ಟು ಹೇಳಿದರೂ ಬಿಡುವುದಿಲ್ಲ. ಕೇಳದೆ ಬಡಿಸಿ, ಬೇಡವೆಂದರೂ ಮತ್ತೆ ಬಡಿಸುವ ಈ ರೀತಿಯೇ ಬೇಡದ ಅಂಚೆಗೆ ಹೆಸರಾಯಿತು. ಇಂಥ ಮೊದಲ ಅಂಚೆ ಹೋದದ್ದು 1978ರ ಮೇ 3ರಂದು. ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥುಯೆರ್ಕ್ ತಮ್ಮ ಹೊಸ ಯಂತ್ರದ ಜಾಹೀರಾತನ್ನು ಅಂದಿನ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಏಟಿಗೆ ಕಳುಹಿಸಿದ. ಬೈಗುಳವೂ ಬಂತು, ವ್ಯಾಪಾರವೂ ಆಯಿತು. ಅಂದಿನಿಂದ ಇಂದಿನವರೆಗೆ ಲೆಕ್ಕ ಬದಲಾಗಿಲ್ಲ. ಹತ್ತು ಲಕ್ಷ ಜನರಿಗೆ ಕಳುಹಿಸಲು ತಗಲುವ ಖರ್ಚು ಅತ್ಯಲ್ಪ. ಹತ್ತು ಮಂದಿ ಸಿಕ್ಕಿಬಿದ್ದರೂ ಲಾಭ.

ಇನ್ನು ಆಡ್‌ವೇರ್. ಇದು ನಮ್ಮ ಯಂತ್ರದಲ್ಲಿ ಕೂತು ನಾವು ಕೇಳದ ಜಾಹೀರಾತನ್ನು ತೋರಿಸಿ ಬೇರೆಯವರಿಗೆ ಸಂಪಾದಿಸಿಕೊಡುವ ತಂತ್ರಾಂಶ. ಇದು ಗೋಡೆ ಒಡೆದು ಬರುವುದು ಕಡಿಮೆ, ನಾವೇ ಕರೆದು ಕೂರಿಸುವುದು ಹೆಚ್ಚು. ಪಿಡಿಎಫ್ ಬದಲಿಸುವ ಒಂದು ಬಿಟ್ಟಿ ಪ್ರೋಗ್ರಾಂ ಬೇಕೆಂದು ಹುಡುಕುತ್ತೇವೆ. ಆ ಪುಟದಲ್ಲಿ ನಾಲ್ಕು ಕಡೆ ಹಸಿರು ಬಣ್ಣದ 'ಡೌನ್‌ಲೋಡ್' ಗುಂಡಿಗಳಿದ್ದರೆ ಮೂರು ಜಾಹೀರಾತಿನವು. ಸರಿಯಾದದ್ದನ್ನೇ ಒತ್ತಿದರೂ ಒಳಗೆ ಸಣ್ಣ ಅಕ್ಷರದಲ್ಲಿ 'ಇದನ್ನೂ ಹಾಕಿಕೊಳ್ಳಿ' ಎಂದು ಮೊದಲೇ ಗುರುತು ಹಾಕಿದ ಚೌಕಗಳಿರುತ್ತವೆ. ಪ್ರತಿ ಯಂತ್ರದಲ್ಲಿ ಹಾಕಿಸಿದ್ದಕ್ಕೆ ಅವರಿಗೆ ಇಷ್ಟಿಷ್ಟು ಕಮಿಶನ್. 'ಬಿಟ್ಟಿ ಸಿಕ್ಕಿದರೆ ನನಗೊಂದು, ನಮ್ಮಪ್ಪನಿಗೊಂದು' ಎಂಬ ಗಾದೆಯ ಮೇಲೆಯೇ ಅವರ ಧಂದೆ ನಿಂತಿದೆ. ಮರುದಿನ ಬ್ರೌಸರಿನ ಮುಖಪುಟ ಬದಲಾಗಿರುತ್ತದೆ, ಹುಡುಕಿದ್ದು ಬಿಟ್ಟು ಬೇರೇನೋ ಬರುತ್ತದೆ, ಪರದೆಯ ಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ನಂಬರಿಗೆ ಫೋನ್ ಮಾಡಿ' ಎಂಬ ಬೆದರಿಕೆ ಏಳುತ್ತದೆ.

ಇದು ಬರಿಯ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ. 2017ರ ಜೂನಿನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಕಂಪನಿ 'ಫೈರ್‌ಬಾಲ್' ಎಂಬ ಆಡ್‌ವೇರನ್ನು ಬಯಲಿಗೆಳೆಯಿತು. ಉಚಿತ ಪ್ರೋಗ್ರಾಮುಗಳ ಬೆನ್ನೇರಿ ಬಂದ ಇದು ಜಗತ್ತಿನ 25 ಕೋಟಿ ಕಂಪ್ಯೂಟರುಗಳಲ್ಲಿ, ಅದರಲ್ಲೂ ಎಲ್ಲಕ್ಕಿಂತ ಹೆಚ್ಚಾಗಿ ಭಾರತದ ಸುಮಾರು 2.5 ಕೋಟಿ ಕಂಪ್ಯೂಟರುಗಳಲ್ಲಿ ಕೂತಿದೆ ಎಂದು ಅದರ ಅಂದಾಜು. ಆ ಲೆಕ್ಕ ಜಾಸ್ತಿಯಾಯಿತು ಎಂದು ಮೈಕ್ರೋಸಾಫ್ಟ್ ತಕರಾರು ಎತ್ತಿತು. ಲೆಕ್ಕ ಎಷ್ಟೇ ಇರಲಿ, ಗಮನಿಸಬೇಕಾದದ್ದು ಬೇರೆ: ಮೇಲ್ನೋಟಕ್ಕೆ ಮುಖಪುಟ ಬದಲಿಸುವಷ್ಟೇ ಕಾಣುತ್ತಿದ್ದ ಅದಕ್ಕೆ ತನ್ನ ಯಜಮಾನ ಹೇಳಿದ ಯಾವ ಪ್ರೋಗ್ರಾಮನ್ನಾದರೂ ತಂದು ಓಡಿಸುವ ಶಕ್ತಿಯಿತ್ತು. ಇಂದು ಜಾಹೀರಾತು ತೋರಿಸುವವನು ನಾಳೆ ಪಾಸ್‌ವರ್ಡ್ ಕದಿಯಬಲ್ಲ. ಹೊಸ ಯಂತ್ರ ತಂದರೆ ನಿಶ್ಚಿಂತೆ ಎನ್ನುವಂತೆಯೂ ಇಲ್ಲ. 2014-15ರಲ್ಲಿ ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪುಗಳು 'ಸೂಪರ್‌ಫಿಶ್' ಎಂಬ ಆಡ್‌ವೇರನ್ನು ಹೊತ್ತೇ ಪೆಟ್ಟಿಗೆಯಿಂದ ಹೊರಬಂದಿದ್ದವು. ಬ್ಯಾಂಕಿನ ಪುಟದ ಭದ್ರತೆಯನ್ನೂ ಅದು ಸಡಿಲಿಸುತ್ತಿತ್ತು. ಅಮೆರಿಕದ ವ್ಯಾಪಾರ ಆಯೋಗದೊಂದಿಗೆ ಆ ಕಂಪನಿ 2017ರಲ್ಲಿ ರಾಜಿ ಮಾಡಿಕೊಳ್ಳಬೇಕಾಯಿತು.

ನಮ್ಮವರು ಇದಕ್ಕೆ ಬೀಳುವುದು ದಡ್ಡತನದಿಂದಲ್ಲ. ಬೆಳಗ್ಗೆ ಐದಕ್ಕೆ ಶಟರ್ ಎತ್ತಿ ರಾತ್ರಿ ಹನ್ನೊಂದೂವರೆಗೆ ಮನೆ ಸೇರಿ, ಆಮೇಲೆ ಕಂಪ್ಯೂಟರಿನ ಮುಂದೆ ಕೂರುವ ಮನುಷ್ಯನ ಕಣ್ಣು ಅರ್ಧ ಮುಚ್ಚಿರುತ್ತದೆ. ಆಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಒಂದು ಪೆಟ್ಟಿಗೆ ಮೂಡುತ್ತದೆ. ಅದು ತೊಲಗಿದರೆ ಸಾಕೆಂದು 'ಯೆಸ್' ಒತ್ತುತ್ತೇವೆ, 'ಅಲೋ' ಒತ್ತುತ್ತೇವೆ. ಆ ಒಂದು 'ಅಲೋ' ಸಾಕು, ಯಾವುದೋ ಜಾಲತಾಣ ದಿನವಿಡೀ ನಮ್ಮ ಪರದೆಗೆ ಜಾಹೀರಾತು ಎಸೆಯುವ ಪರವಾನಿಗೆ ಪಡೆದಂತೆ. ಆದುದರಿಂದ ಮೊದಲ ಮಾತು: ಅರ್ಥವಾಗದ್ದಕ್ಕೆ ಒಪ್ಪಿಗೆ ಕೊಡಬಾರದು. ಓದಲಾಗದ ಕರಾರಿಗೆ ನಾವು ಸಹಿ ಹಾಕುತ್ತೇವೆಯೇ? ಕ್ರೋಮ್ ಬ್ರೌಸರನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಹಣದ ಕೆಲಸವನ್ನು ಮಧ್ಯಾಹ್ನದ ಬಿಡುವಿಗೆ ಇಟ್ಟುಕೊಳ್ಳಬಹುದು. ಇವೆರಡಕ್ಕೂ ನಯಾಪೈಸೆ ಖರ್ಚಿಲ್ಲ.

'ನಮ್ಮದು ಸಣ್ಣ ಹೊಟೇಲು, ನಮ್ಮಲ್ಲಿ ಕದಿಯಲು ಏನಿದೆ?' ಎನ್ನುವವರಿದ್ದಾರೆ. ಬಲೆ ಬೀಸುವವನು ಮೀನಿನ ಗಾತ್ರ ನೋಡಿ ಬೀಸುವುದಿಲ್ಲ. 'ಬ್ಯಾಂಕಿಗೇ ಆಗಿದೆಯಂತೆ, ನಮ್ಮ ಪಾಡೇನು?' ಎನ್ನುವವರೂ ಇದ್ದಾರೆ. ನಿಜ, 2018ರ ಆಗಸ್ಟ್ 11 ಮತ್ತು 13ರಂದು ನಮ್ಮ ಪುಣೆಯ ಕಾಸ್ಮೋಸ್ ಬ್ಯಾಂಕಿನ ವ್ಯವಸ್ಥೆಯೊಳಗೆ ಕುತಂತ್ರಾಂಶ ನುಗ್ಗಿಸಿ 94 ಕೋಟಿ ರೂಪಾಯಿಗೂ ಮಿಕ್ಕಿ ಹಣ ದೋಚಿದರು. ಅದರ ಬಹುಪಾಲನ್ನು ನಕಲಿ ಕಾರ್ಡುಗಳ ಮೂಲಕ ಹಲವು ದೇಶಗಳ ಎಟಿಎಮ್‌ಗಳಿಂದ ಎತ್ತಿದರು. ಅದು ತಿಂಗಳುಗಟ್ಟಲೆ ಹೊಂಚು ಹಾಕಬಲ್ಲ ಸಂಘಟಿತ ಕಳ್ಳರ ಕೆಲಸ. ನಮ್ಮ ಮನೆಗೆ ಬರುವವನು ಅಂಥವನಲ್ಲ. ಅವನು ಸಾಲಾಗಿ ಬಾಗಿಲುಗಳನ್ನು ತಳ್ಳಿ ನೋಡುತ್ತಾ ಹೋಗುವವನು. ಚಿಲಕ ಹಾಕಿದ್ದರೆ ಮುಂದಿನ ಮನೆಗೆ ಹೋಗುತ್ತಾನೆ. ಮತ್ತೆ ಕೆಲವರು 'ಈಗ ಎಲ್ಲ ಮೊಬೈಲಿನಲ್ಲೇ, ಕಂಪ್ಯೂಟರಿನ ಮಾತೇಕೆ?' ಎನ್ನುತ್ತಾರೆ. ಎರಡರಲ್ಲೂ ಇರುವುದು ಒಂದೇ ಗೂಗಲ್ ಖಾತೆ. ಒಂದರಲ್ಲಿ ಉಳಿಸಿದ ಪಾಸ್‌ವರ್ಡ್ ಇನ್ನೊಂದರಲ್ಲೂ ತೆರೆಯುತ್ತದೆ.

ಕಾನೂನು ಕಾಯುತ್ತದೆ ಎಂದು ಕೂರುವುದೂ ಆಗದ ಮಾತು. ಅಮೆರಿಕ 2003ರಲ್ಲೇ ಸ್ಪ್ಯಾಮಿಗೆಂದು ಕಾಯಿದೆ ಮಾಡಿತು. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮಿನಲ್ಲಿ ಕಿರಿಕಿರಿಯ ಇ-ಮೇಲಿನ ಮಾತಿತ್ತು. ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯೆಂಬ ಸರಿಯಾದ ಕಾರಣಕ್ಕೆ ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಇಡೀ ಕಲಮನ್ನೇ ರದ್ದು ಮಾಡಿತು. ಮೋಸವಾದರೆ ಕೇಸು ಹಾಕಲು ಬೇರೆ ಕಲಮುಗಳಿವೆ. ಆದರೆ ಕೇಸು ಎಂದರೆ ಹಣ ಹೋದ ಮೇಲಿನ ಮಾತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬುದು ಅಡುಗೆಯವರಾದ ನಮಗೇ ಅನ್ವಯಿಸುವಂತಾಗಬಾರದು.

ಹಾಗಾದರೆ ಏನು ಮಾಡಬೇಕು? ಉಗ್ರಾಣದ ಬೀಗದ ಕೈಯಿಂದಲೇ ಆರಂಭಿಸೋಣ. ವಿಂಡೋಸಿನಲ್ಲಿ ಎರಡು ಬಗೆಯ ಖಾತೆಗಳಿವೆ. 'ಅಡ್ಮಿನಿಸ್ಟ್ರೇಟರ್' ಖಾತೆ ಇದ್ದವನು ಏನನ್ನು ಬೇಕಾದರೂ ಯಂತ್ರದೊಳಗೆ ಹಾಕಬಲ್ಲ. 'ಸ್ಟ್ಯಾಂಡರ್ಡ್' ಖಾತೆಯವನು ಇದ್ದದ್ದನ್ನು ಬಳಸಬಲ್ಲ, ಹೊಸದನ್ನು ಇಡೀ ಯಂತ್ರಕ್ಕೆ ಹಾಕಬೇಕಾದರೆ ಮಾಲಕನ ಪಾಸ್‌ವರ್ಡ್ ಕೇಳಬೇಕು. ಮಕ್ಕಳಿಗೆ, ನೆಂಟರಿಗೆ, ಲೆಕ್ಕ ಬರೆಯುವವನಿಗೆ, ಅಷ್ಟೇಕೆ ನಮ್ಮ ದಿನನಿತ್ಯದ ಕೆಲಸಕ್ಕೂ ಸ್ಟ್ಯಾಂಡರ್ಡ್ ಖಾತೆ ಇರಲಿ. ಹತ್ತು ನಿಮಿಷದ ಈ ಕೆಲಸ ಆಡ್‌ವೇರಿನ ಬಹಳಷ್ಟು ದಾರಿಗಳನ್ನು ಮುಚ್ಚುತ್ತದೆ. ಸಾಧ್ಯವಿದ್ದವರು ಹೊಟೇಲಿನ ಲೆಕ್ಕಕ್ಕೆ ಬೇರೆಯೇ ಯಂತ್ರ ಇಟ್ಟುಕೊಳ್ಳುವುದು ಇನ್ನೂ ಉತ್ತಮ.

ಎರಡನೆಯದು ಯಂತ್ರದ ಆರೋಗ್ಯ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ಹೊಸದರಲ್ಲಿ ಓಡುವುದಿಲ್ಲವೆಂದು ಹಳೆಯ ವಿಂಡೋಸನ್ನೇ ಇಟ್ಟುಕೊಂಡವರು ಆ ಯಂತ್ರಕ್ಕೆ ಇಂಟರ್ನೆಟ್ ಕೊಡದಿರುವುದೇ ಕ್ಷೇಮ. ಕಳ್ಳ ನಕಲಿನ ವಿಂಡೋಸ್, 'ಕ್ರ್ಯಾಕ್' ಮಾಡಿದ ಟ್ಯಾಲಿ ಹಾಕಿಕೊಡುವ ಹುಡುಗರು ಎಲ್ಲ ಊರಿನಲ್ಲೂ ಇದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿ ನಮ್ಮಂಥ ವ್ಯಾಪಾರಿಗಳ ಲೆಕ್ಕ ಬರೆಯುವ ಟ್ಯಾಲಿಯನ್ನು ಕದ್ದು ಬಳಸುವುದು, ಊಟ ಮಾಡಿ ಬಿಲ್ಲು ಕೊಡದೆ ಹೋಗುವುದು ಎರಡೂ ಒಂದೇ. ಅದೂ ಅಲ್ಲದೆ, ಬೀಗ ಒಡೆದು ತಂದ ಪ್ರೋಗ್ರಾಮಿನೊಳಗೆ ಒಡೆದವನು ಏನು ಸೇರಿಸಿದ್ದಾನೆಂದು ಯಾರು ಬಲ್ಲರು?

ಆಂಟಿವೈರಸ್ ವಿಷಯದಲ್ಲಿ ಪುಣೆಯವರು ಹೆಮ್ಮೆಪಡಬಹುದು. ಕ್ಯಾಲ್ಕುಲೇಟರ್ ರಿಪೇರಿಯಿಂದ ಜೀವನ ಆರಂಭಿಸಿದ ಕೈಲಾಶ್ ಕಾಟ್ಕರ್ 1993ರಲ್ಲಿ ಇಲ್ಲಿ ಕಂಪ್ಯೂಟರ್ ರಿಪೇರಿಯ ಸಂಸ್ಥೆ ತೆರೆದರು. ತಮ್ಮ ಸಂಜಯ್ ವೈರಸ್ ತೆಗೆಯುವ ಪ್ರೋಗ್ರಾಂ ಬರೆದರು. ಅದೇ ಮುಂದೆ ಕ್ವಿಕ್ ಹೀಲ್ ಆಯಿತು. ಇಂದು ಅದರ ಕಚೇರಿ ನಮ್ಮ ಪಕ್ಕದ ವಿಮಾನನಗರದಲ್ಲೇ ಇದೆ. ಗ್ಲಾಸು ತೊಳೆಯುವುದರಿಂದ ಮೇಲೆ ಬಂದ ನಮ್ಮ ಹಿರಿಯರ ಕಥೆಗೂ ಇದಕ್ಕೂ ದೂರವಿಲ್ಲ. ಹಾಗೆಂದು ಇದೇ ಕೊಳ್ಳಿ, ಅದೇ ಕೊಳ್ಳಿ ಎಂದು ನಾವು ಹೇಳುವುದಿಲ್ಲ. ಇಂದಿನ ವಿಂಡೋಸಿನೊಳಗೇ 'ಡಿಫೆಂಡರ್' ಎಂಬ ಕಾವಲುಗಾರನಿದ್ದಾನೆ. ಅವನನ್ನು ಆರಿಸಿಡದೆ, ಅಪ್‌ಡೇಟ್ ತಡೆಯದೆ ಇದ್ದರೆ ಮನೆಗೆ ಸಾಕಾಗುತ್ತದೆ. ಕೇಂದ್ರ ಸರಕಾರ 2017ರಲ್ಲಿ ತೆರೆದ 'ಸೈಬರ್ ಸ್ವಚ್ಛತಾ ಕೇಂದ್ರ'ದ ಜಾಲತಾಣದಲ್ಲಿ ಯಂತ್ರ ಶುದ್ಧ ಮಾಡುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ತಿಂಗಳಿಗೊಮ್ಮೆ ಬ್ರೌಸರಿನ 'ಎಕ್ಸ್‌ಟೆನ್ಶನ್' ಪಟ್ಟಿಯನ್ನೂ 'ನೋಟಿಫಿಕೇಶನ್' ಅನುಮತಿ ಪಟ್ಟಿಯನ್ನೂ ತೆರೆದು ಗುರುತಿಲ್ಲದವನ್ನು ಕಿತ್ತುಹಾಕಬೇಕು. ಮೋರಿ ತೊಳೆದಂತೆ ಇದೂ ಒಂದು ವಾಡಿಕೆಯಾಗಬೇಕು.

ಮೂರನೆಯದು ಇ-ಮೇಲ್. ಗುರುತಿಲ್ಲದವನ ಜಾಹೀರಾತಿಗೆ ಉತ್ತರ ಬರೆಯಬಾರದು, 'ಅನ್‌ಸಬ್‌ಸ್ಕ್ರೈಬ್' ಕೂಡ ಒತ್ತಬಾರದು. ಒತ್ತಿದರೆ ಈ ವಿಳಾಸದಲ್ಲಿ ಜನವಿದೆ ಎಂದು ಅವನಿಗೆ ನಾವೇ ತಿಳಿಸಿದಂತೆ. 'ಸ್ಪ್ಯಾಮ್' ಎಂದು ಗುರುತು ಹಾಕಿದರೆ ಸಾಕು. ಗುರುತಿರುವ ಕಂಪನಿಯ ಪತ್ರವಾದರೆ ಅನ್‌ಸಬ್‌ಸ್ಕ್ರೈಬ್ ಮಾಡಬಹುದು. 'ನಿಮ್ಮ ಲೈಸೆನ್ಸು ರದ್ದಾಗಿದೆ', 'ಜಿಎಸ್‌ಟಿ ನೋಟಿಸು ಬಂದಿದೆ', 'ಇಂದೇ ಹಣ ಕಟ್ಟಿ' ಎಂದು ಬಂದರೆ ಗಾಬರಿಯಾಗದೆ, ಆ ಪತ್ರದೊಳಗಿನ ಕೊಂಡಿಯನ್ನು ಮುಟ್ಟದೆ, ಸರಕಾರಿ ಪೋರ್ಟಲನ್ನು ನಾವೇ ಬೇರೆಯಾಗಿ ತೆರೆದು ಲಾಗಿನ್ ಆಗಿ ನೋಡಬೇಕು. ನಿಜವಾದ ನೋಟಿಸಾದರೆ ಅಲ್ಲಿ ಇರುತ್ತದೆ.

ಜಾಲತಾಣದ ಹೆಸರನ್ನು ಹಿಂದಿನಿಂದ ಓದುವ ಅಭ್ಯಾಸವಾಗಬೇಕು. ಕೊನೆಯ ಡಬ್ಬಿ ನೋಡಿ ರೈಲು ಪೂರ್ತಿ ಬಂತೆಂದು ಖಚಿತಪಡಿಸಿಕೊಳ್ಳುವಂತೆ, ಹೆಸರಿನ ಕೊನೆಯ ಭಾಗ ನೋಡಬೇಕು. ಕೇಂದ್ರ ಮತ್ತು ರಾಜ್ಯ ಸರಕಾರಗಳ ತಾಣಗಳು ಸಾಮಾನ್ಯವಾಗಿ 'ಡಾಟ್ ಜಿಓವಿ ಡಾಟ್ ಇನ್' ಎಂದು ಮುಗಿಯುತ್ತವೆ. ಬ್ಯಾಂಕುಗಳು ತಮ್ಮ ತಾಣಗಳನ್ನು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ಹೆಸರಿಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು. ಆ ಹೆಸರನ್ನು ಕಂಡಕಂಡವರಿಗೆ ಕೊಡುವುದಿಲ್ಲ. ಬ್ಯಾಂಕಿನ ಹೆಸರು ಮೊದಲು ಬಂದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ವೇಷ.

ಎಲ್ಲಕ್ಕಿಂತ ಅಪಾಯದ ಇ-ಮೇಲು ಪರಿಚಿತರ ಹೆಸರಿನಲ್ಲಿ ಬರುವುದು. ಮಾರ್ಕೆಟ್ ಯಾರ್ಡಿನ ಬೇಳೆ ವ್ಯಾಪಾರಿಯ ಹೆಸರಿನಲ್ಲಿ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಹಣ ಇದಕ್ಕೆ ಹಾಕಿ' ಎಂದು ಒಂದು ಸಾಲು ಬರುತ್ತದೆ. ಬಿಲ್ಲು ಹಳೆಯದರಂತೆಯೇ ಕಾಣುತ್ತದೆ, ಖಾತೆ ಸಂಖ್ಯೆ ಮಾತ್ರ ಕಳ್ಳನದು. ಈ ಬಗೆಯ ಮೋಸದಿಂದ 2023ರಲ್ಲಿ ಅಲ್ಲಿ ದೂರು ಬಂದ ಪ್ರಕರಣಗಳಲ್ಲೇ ಸುಮಾರು 290 ಕೋಟಿ ಡಾಲರ್ ನಷ್ಟವಾಯಿತೆಂದು ಅಮೆರಿಕದ ಎಫ್‌ಬಿಐ ಲೆಕ್ಕ ಕೊಟ್ಟಿದೆ. ಇದನ್ನು ಯಾವ ಆಂಟಿವೈರಸ್ಸೂ ಹಿಡಿಯಲಾರದು. ಹಳೆಯ ನಂಬರಿಗೆ ಒಂದು ಫೋನು ಮಾಡಿ, 'ಸೇಠ್‌ಜಿ, ಖಾತೆ ಬದಲಾಯಿಸಿದಿರಾ?' ಎಂದು ಕೇಳುವುದೇ ಔಷಧ. ಪತ್ರದಲ್ಲೇ ಕೊಟ್ಟ ಹೊಸ ನಂಬರಿಗೆ ಫೋನು ಮಾಡಬಾರದು, ಅದನ್ನು ಎತ್ತುವವನು ಅವನೇ.

ಇ-ಮೇಲ್ ಖಾತೆಗೆ ಎರಡು ಹಂತದ ಪರಿಶೀಲನೆ ಇರಲಿ. ಟ್ಯಾಲಿಯ ಲೆಕ್ಕದ ಪ್ರತಿಯನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ತೆಗೆದು, ಅದನ್ನು ಯಂತ್ರದಿಂದ ಕಳಚಿ ಕಪಾಟಿನಲ್ಲಿಡಬೇಕು. ಚುಚ್ಚಿಯೇ ಇಟ್ಟರೆ ಯಂತ್ರಕ್ಕೆ ಬಂದ ರೋಗ ಅದಕ್ಕೂ ಬರುತ್ತದೆ. ಹಣ ಹೋಯಿತೆಂದು ತಿಳಿದ ಕ್ಷಣ ನಾಚಿಕೆಪಡದೆ 1930ಕ್ಕೆ ಫೋನು ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಮಾನ ಹೋಗುತ್ತದೆಂದು ಮುಚ್ಚಿಟ್ಟರೆ ಹಣವೂ ಹೋಗುತ್ತದೆ, ಪಕ್ಕದ ಹೊಟೇಲಿನವನೂ ಅದೇ ಗುಂಡಿಗೆ ಬೀಳುತ್ತಾನೆ.

ಕೊನೆಯಲ್ಲಿ ಸ್ವಲ್ಪ ಕಹಿಯಾದ ಮಾತು. ಬೇಡದ ಅಂಚೆಯ ಬಗ್ಗೆ ಗೊಣಗುವ ನಮ್ಮ ಧಂದೆಯಲ್ಲೇ, ಅಭಿಪ್ರಾಯ ಚೀಟಿಯ ನೆಪದಲ್ಲಿ ಗಿರಾಕಿಯ ಹೆಸರು, ಫೋನು, ಹುಟ್ಟಿದ ದಿನ ಬರೆಸಿಕೊಂಡು ವಾರ ವಾರ ಆಫರ್ ಕಳುಹಿಸುವ ಪದ್ಧತಿ ಬೆಳೆದಿದೆ. ಆ ಪಟ್ಟಿಯನ್ನು ಜಾಹೀರಾತಿನವರಿಗೆ ಕೊಡುವುದೂ ಉಂಟು. ಇದು ಕೇಳದೆ ಬಡಿಸುವ ಆ ಪ್ರಹಸನದ ಹೊಟೇಲಲ್ಲದೆ ಮತ್ತೇನು? 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿದೆ, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುವಂತೆ. ಒಪ್ಪಿಗೆಯಿಲ್ಲದೆ ಗಿರಾಕಿಯ ವಿವರ ಬಳಸುವುದು ಇನ್ನು ಬರಿಯ ಅಸಭ್ಯತೆಯಾಗಿ ಉಳಿಯುವುದಿಲ್ಲ. ಅದಕ್ಕಿಂತ ಮೊದಲೇ, ಊಟಕ್ಕೆ ಬಂದವನು ನಮ್ಮನ್ನು ನಂಬಿ ಕೊಟ್ಟದ್ದನ್ನು ಬೇರೆಯವರಿಗೆ ದಾಟಿಸಬಾರದೆಂಬುದು ಹೊಟೇಲು ಧರ್ಮ.

ನಮ್ಮ ಸಂಘವೂ ಇಲ್ಲಿಂದಲೇ ಆರಂಭಿಸಬೇಕು. ಸದಸ್ಯರಿಗೆ ಇ-ಮೇಲ್ ಕಳುಹಿಸುವಾಗ ಎಲ್ಲರ ವಿಳಾಸ ಎಲ್ಲರಿಗೂ ಕಾಣುವಂತೆ ಸಾಲಾಗಿ ಹಾಕದೆ ಮರೆಯಾಗಿ ಹಾಕುವುದು, ಸದಸ್ಯರ ಪಟ್ಟಿಯನ್ನು ಯಾವ ಜಾಹೀರಾತುದಾರರಿಗೂ ಕೊಡದಿರುವುದು, ವರ್ಷಕ್ಕೊಮ್ಮೆ ಮಧ್ಯಾಹ್ನ ಮೂರರಿಂದ ಐದರ ಬಿಡುವಿನಲ್ಲಿ ತಿಳಿದವರೊಬ್ಬರನ್ನು ಕರೆಸಿ ಕನ್ನಡದಲ್ಲೇ ಸದಸ್ಯರಿಗೂ ಅವರ ಮಕ್ಕಳಿಗೂ ಹೇಳಿಸುವುದು, ಇಷ್ಟನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆ ಒಪ್ಪಿಕೊಳ್ಳಲಿ. ಸದಸ್ಯರು ಅಷ್ಟರವರೆಗೆ ಕಾಯಬೇಕಾಗಿಲ್ಲ. ಈ ವಾರವೇ ಮನೆಯ ಯಂತ್ರದಲ್ಲಿ ಎರಡು ಖಾತೆ ಮಾಡಿ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಉಗ್ರಾಣದ ಬೀಗದ ಕೈಯಂತೆ ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿ.